ಲಂಬ ಆಂಟೆನಾ ಮತ್ತು ನೆಲದ ರೇಡಿಯಲ್‌ಗಳು: ಅಳತೆಯಿಂದ ಜೋಡಣೆಯವರೆಗೆ ಒಂದು ಸಮಗ್ರ ಮಾರ್ಗದರ್ಶಿ

ಹವ್ಯಾಸಿ (ಹ್ಯಾಮ್) ರೇಡಿಯೋಗಾಗಿ ನಾನು ಕಟ್ಟಿದ ಮೊದಲ ಲಂಬ ಆಂಟೆನಾ 7 ಮೆಗಾಹರ್ಟ್ಸ್ ಬ್ಯಾಂಡಿನದು. ಸುಮಾರು ಹತ್ತು ಮೀಟರ್ ಎತ್ತರದ ತಂತಿಯ ಬುಡಕ್ಕೆ ಎಂಟು ರೇಡಿಯಲ್ (ಬುಡದಿಂದ ಸುತ್ತಲೂ ಚಕ್ರದ ಕಡ್ಡಿಗಳಂತೆ ಹರಡುವ ತಂತಿ) ಹಾಸಿ, ಆಂಟೆನಾ ಅಳೆಯುವ ಅನಲೈಸರ್ ಜೋಡಿಸಿದಾಗ ಎಸ್‌ಡಬ್ಲ್ಯೂಆರ್ 1.1ಕ್ಕಿಂತ ಕೆಳಗಿತ್ತು. ಆಂಟೆನಾ ಕೇಬಲ್ಲಿಗೆ ಎಷ್ಟು ಹೊಂದುತ್ತದೆ ಎಂದು ಹೇಳುವ ಅಂಕಿ ಇದು; 1 ಎಂದರೆ ಪೂರ್ತಿ ಹೊಂದಾಣಿಕೆ. ತಂತಿ ಇನ್ನೂ ಉಳಿದಿದ್ದುದರಿಂದ ಮತ್ತೆ ಎಂಟು ಸೇರಿಸಿದೆ; ಎಸ್‌ಡಬ್ಲ್ಯೂಆರ್ ತುಸು ಏರಿತು. ಮತ್ತೆ ಹದಿನಾರು ಸೇರಿಸಿದಾಗ 1.3ರ ಹತ್ತಿರ ಹೋಯಿತು. ಎಲ್ಲೋ ಬೋಲ್ಟು ಸಡಿಲವಾಗಿರಬೇಕು, ಇಲ್ಲವೇ ತಂತಿಗಳು ಒಂದರ ಮೇಲೊಂದು ಬಿದ್ದು ಏನೋ ಕೆಟ್ಟಿರಬೇಕು ಎಂದುಕೊಂಡು, ಹಾಸಿದ್ದನ್ನೆಲ್ಲ ಕಿತ್ತುಹಾಕುವ ಯೋಚನೆಯಲ್ಲಿ ಒಂದು ಸಂಜೆ ಕಳೆದೆ. ವಾಸ್ತವದಲ್ಲಿ ಆಂಟೆನಾ ಪ್ರತಿ ಸಲವೂ ಸುಧಾರಿಸಿತ್ತು. ಅದನ್ನು ಅಳೆಯಲು ನಾನು ನೋಡುತ್ತಿದ್ದ ಅಂಕಿಯೇ ತಪ್ಪಾಗಿತ್ತು. ಈ ಮಾರ್ಗದರ್ಶಿಯ ಉದ್ದಕ್ಕೂ ಆ ಅಂಕಿಯ ಬದಲಿಗೆ ಯಾವುದನ್ನು ನೋಡಬೇಕು ಎಂಬುದೇ ಮುಖ್ಯ ಎಳೆ.

ಬುಡದಲ್ಲಿ ನಡೆಯುವುದೇನು

ಕಾಲು ತರಂಗಾಂತರದ ಲಂಬ ಆಂಟೆನಾ ಒಂದು ಡೈಪೋಲ್‌ನ, ಅಂದರೆ ಎರಡು ಸಮ ತೋಳುಗಳ ಆಂಟೆನಾದ, ಅರ್ಧ ಭಾಗ. ಉಳಿದರ್ಧದ ಕೆಲಸವನ್ನು ನೆಲ ಮಾಡಬೇಕು. ಟ್ರಾನ್ಸ್‌ಮಿಟರ್‌ನಿಂದ ಬಂದ ಪ್ರವಾಹ ಕೋಆಕ್ಸ್ ಕೇಬಲ್ಲಿನ ನಡುತಂತಿಯಿಂದ ಕಂಬಕ್ಕೆ ಏರುವಾಗ, ಅಷ್ಟೇ ಪ್ರವಾಹ ಹೊರಜಾಲರಿಯ ಕಡೆಯಿಂದ ಮರಳಬೇಕು; ಸುತ್ತಲಿನ ನೆಲದಲ್ಲಿ ಹರಿದು ಬುಡಕ್ಕೆ ಬಂದು ಸೇರುವ ಈ ಪ್ರವಾಹಕ್ಕೆ ತಾಮ್ರದ ದಾರಿ ಇಲ್ಲದಿದ್ದರೆ ಅದು ಮಣ್ಣಿನಲ್ಲೇ ಹರಿಯುತ್ತದೆ. ಮಣ್ಣು ಕೆಟ್ಟ ವಾಹಕವಾದ್ದರಿಂದ ಶಕ್ತಿಯ ಒಂದು ಪಾಲು ಶಾಖವಾಗಿ ಕಳೆದುಹೋಗುತ್ತದೆ. ಎರೆಹುಳುಗಳನ್ನು ಬೆಚ್ಚಗಿಡಲು ಯಾರೂ ಟ್ರಾನ್ಸ್‌ಮಿಟರ್ ಇಟ್ಟುಕೊಳ್ಳುವುದಿಲ್ಲ.

ಸಂಪೂರ್ಣ ವಾಹಕವಾದ ನೆಲದ ಮೇಲೆ ಅನುರಣನದಲ್ಲಿರುವ (ಉದ್ದ ಆವರ್ತನಕ್ಕೆ ಸರಿಹೊಂದಿರುವ) ಕಾಲು ತರಂಗಾಂತರದ ಕಂಬದ ವಿಕಿರಣ ರೋಧ, ಅಂದರೆ ರೇಡಿಯೋ ತರಂಗವಾಗಿ ಹೊರಡುವ ಶಕ್ತಿಯ ಪಾಲನ್ನು ಸೂಚಿಸುವ ರೋಧ, ಸುಮಾರು 36 ಓಮ್. ಬುಡದಲ್ಲಿ ನಾವು ಅಳೆಯುವ ರೋಧ ಈ 36 ಓಮ್ ಮತ್ತು ನೆಲದ ನಷ್ಟದ ರೋಧ ಎರಡರ ಮೊತ್ತವಾಗಿರುತ್ತದೆ. ದಕ್ಷತೆ ಎಂದರೆ ವಿಕಿರಣ ರೋಧವನ್ನು ಈ ಮೊತ್ತದಿಂದ ಭಾಗಿಸಿದಾಗ ಬರುವ ಅಂಕಿ. ಕೇಬಲ್ 50 ಓಮ್‌ನದಾದ್ದರಿಂದ ಅಳತೆ 50 ಓಮ್ ತೋರಿಸಿದರೆ ಎಸ್‌ಡಬ್ಲ್ಯೂಆರ್ ಸರಿಯಾಗಿ 1 ಇರುತ್ತದೆ, ಆದರೆ ಅದರಲ್ಲಿ 14 ಓಮ್ ಬರೀ ನಷ್ಟ; ಅಂದರೆ ದಕ್ಷತೆ ಶೇ. 72, ನಷ್ಟ ಸುಮಾರು 1.4 ಡೆಸಿಬೆಲ್.

ನನ್ನ ಟಿಪ್ಪಣಿ ಪುಸ್ತಕದ ಅಂಕಿಗಳನ್ನು ಇದೇ ಲೆಕ್ಕಕ್ಕೆ ಹಾಕಿದರೆ ಚಿತ್ರ ಸ್ಪಷ್ಟವಾಗುತ್ತದೆ. ನಾಲ್ಕು ರೇಡಿಯಲ್ ಇದ್ದಾಗ 70 ಓಮ್, ಎಂಟಕ್ಕೆ 53, ಹದಿನಾರಕ್ಕೆ 44, ಮೂವತ್ತೆರಡಕ್ಕೆ 39. ದಕ್ಷತೆ ಕ್ರಮವಾಗಿ ಶೇ. 51, 68, 82 ಮತ್ತು 92ರ ಆಸುಪಾಸು. ಎಸ್‌ಡಬ್ಲ್ಯೂಆರ್ ಅತಿ ಕಡಿಮೆ ಇದ್ದದ್ದು ಎಂಟರಲ್ಲಿ, ಆಂಟೆನಾ ಅತ್ಯುತ್ತಮವಾಗಿದ್ದದ್ದು ಮೂವತ್ತೆರಡರಲ್ಲಿ. ವಿಕಿರಣ ರೋಧವೂ ಮಣ್ಣಿನ ಗುಣದೊಂದಿಗೆ ತುಸು ಬದಲಾಗುವುದರಿಂದ ಇದು ಅಂದಾಜು ಲೆಕ್ಕವೇ. ಆದರೂ ರೋಧ ಯಾವ ದಿಕ್ಕಿಗೆ ಇಳಿಯುತ್ತಿದೆ ಮತ್ತು ಎಲ್ಲಿ ಇಳಿಯುವುದನ್ನು ನಿಲ್ಲಿಸುತ್ತದೆ ಎಂಬುದನ್ನು ನಂಬಬಹುದು.

ಎಷ್ಟು ತಂತಿ, ಎಷ್ಟು ಉದ್ದ

1937ರಲ್ಲಿ ಬ್ರೌನ್, ಲೂಯಿಸ್ ಮತ್ತು ಎಪ್‌ಸ್ಟೈನ್ ಎಂಬ ಮೂವರು ಎಂಜಿನಿಯರುಗಳು ಆರ್‌ಸಿಎ ಕಂಪನಿಗಾಗಿ ನಡೆಸಿ ಪ್ರಕಟಿಸಿದ ಪ್ರಯೋಗಗಳು ಈ ವಿಷಯದ ಅಡಿಗಲ್ಲು. ರೇಡಿಯಲ್‌ಗಳ ಸಂಖ್ಯೆಯನ್ನು ಎರಡರಿಂದ ನೂರ ಹದಿಮೂರರವರೆಗೆ ಏರಿಸುತ್ತ ಸಂಕೇತದ ಬಲವನ್ನು ಅವರು ಅಳೆದರು. ಮಧ್ಯಮ ತರಂಗ ಪ್ರಸಾರ ಕೇಂದ್ರಗಳ ಕಂಬದ ಸುತ್ತ 120 ರೇಡಿಯಲ್ ಹೂಳುವ ರೂಢಿ ಆ ಕೆಲಸದಿಂದಲೇ ಬಂದದ್ದು. ಪ್ರಸಾರ ಕೇಂದ್ರಕ್ಕೆ ಅರ್ಧ ಡೆಸಿಬೆಲ್ ಎಂದರೆ ವರ್ಷಪೂರ್ತಿ ಸುಡುವ ವಿದ್ಯುತ್ತಿನ ಲೆಕ್ಕ. ಹವ್ಯಾಸಿಗೆ ಅಷ್ಟು ಬೇಕಾಗಿಲ್ಲ. ಆದರೆ ಆ 120 ಎಂಬ ಸಂಖ್ಯೆಗೆ ಹೆದರಿ ನಾಲ್ಕಕ್ಕೇ ನಿಲ್ಲಿಸುವವರೂ ಬಹಳ, ಅದು ಇನ್ನೊಂದು ತುದಿಯ ತಪ್ಪು.

ನೆಲದ ಮೇಲೆ ಹಾಸಿದ ತಂತಿಯ ವಿಷಯದಲ್ಲಿ ಮೊದಲು ಬಿಡಬೇಕಾದ ಹಟವೆಂದರೆ ಪ್ರತಿಯೊಂದನ್ನೂ ಕರಾರುವಾಕ್ಕಾಗಿ ಕಾಲು ತರಂಗಾಂತರಕ್ಕೆ ಕತ್ತರಿಸುವುದು. ಮಣ್ಣಿಗೆ ತಾಗಿದ ತಂತಿಯಲ್ಲಿ ತರಂಗದ ವೇಗ ಗಣನೀಯವಾಗಿ ಇಳಿಯುವುದರಿಂದ, ಗಾಳಿಯಲ್ಲಿ ಕಾಲು ತರಂಗಾಂತರವಾಗಿರುವ ತಂತಿ ನೆಲದ ಮೇಲೆ ಅದಕ್ಕಿಂತ ಬಹಳ ಉದ್ದದ ತಂತಿಯಂತೆ ವರ್ತಿಸುತ್ತದೆ. ರೂಡಿ ಸೆವರ್ನ್ಸ್ ಎಂಬ ಹವ್ಯಾಸಿ 7.2 ಮೆಗಾಹರ್ಟ್ಸ್‌ನಲ್ಲಿ ನಡೆಸಿದ ಅಳತೆಗಳಲ್ಲಿ, ಕೇವಲ ನಾಲ್ಕು ರೇಡಿಯಲ್ ಇದ್ದಾಗ ಅವುಗಳನ್ನು ಕಾಲು ತರಂಗಾಂತರಕ್ಕಿಂತ ಮೊಟಕು ಮಾಡಿದರೆ ಸಂಕೇತ ಹೆಚ್ಚಿತು ಎಂಬ ಅನಿರೀಕ್ಷಿತ ಫಲಿತಾಂಶ ಬಂತು. ಸಂಖ್ಯೆ ಹದಿನಾರು ದಾಟಿದ ಮೇಲೆ ಈ ವಿಚಿತ್ರ ಮಾಯವಾಗುತ್ತದೆ, ಉದ್ದದ ಸೂಕ್ಷ್ಮತೆಯೂ ಹೋಗುತ್ತದೆ.

ಎರಡನೆಯ ಮಾತು ತಂತಿಯ ಹಂಚಿಕೆಯದು. ಕಾಲು ತರಂಗಾಂತರದ ಕಂಬದಲ್ಲಿ ನೆಲದ ಪ್ರವಾಹ ಬುಡದ ಹತ್ತಿರ ದಟ್ಟವಾಗಿರುವುದರಿಂದ ನಷ್ಟದ ದೊಡ್ಡ ಪಾಲೂ ಅಲ್ಲೇ ಆಗುತ್ತದೆ. ಹಾಗಾಗಿ ಕೈಯಲ್ಲಿರುವ ತಂತಿ ಸೀಮಿತವಾಗಿದ್ದರೆ ಕೆಲವೇ ಉದ್ದ ತಂತಿಗಳಿಗಿಂತ ಅನೇಕ ಗಿಡ್ಡ ತಂತಿಗಳು ಲೇಸು. ಬಹುಕಾಲದಿಂದ ಬಳಕೆಯಲ್ಲಿರುವ ಅಂದಾಜು ಹೀಗಿದೆ: 16 ರೇಡಿಯಲ್ ಹಾಕುವುದಾದರೆ ಪ್ರತಿಯೊಂದೂ ತರಂಗಾಂತರದ ಹತ್ತನೇ ಒಂದು ಭಾಗ, 24 ಆದರೆ ಎಂಟನೇ ಒಂದು ಭಾಗ, 36 ಆದರೆ 0.15 ಭಾಗ, 60 ಆದರೆ ಐದನೇ ಒಂದು ಭಾಗ. 7 ಮೆಗಾಹರ್ಟ್ಸ್‌ನಲ್ಲಿ ತರಂಗಾಂತರ ಸುಮಾರು 42 ಮೀಟರ್ ಆದ್ದರಿಂದ ಈ ಉದ್ದಗಳು ಕ್ರಮವಾಗಿ 4.2, 5.3, 6.3 ಮತ್ತು 8.4 ಮೀಟರ್ ಆಗುತ್ತವೆ. ಮೊದಲನೆಯದಕ್ಕೆ ಬೇಕಾಗುವ ಒಟ್ಟು ತಂತಿ ಸುಮಾರು 67 ಮೀಟರ್, ಕೊನೆಯದಕ್ಕೆ 500 ಮೀಟರಿಗೂ ಮೇಲೆ. ನನ್ನ ಮಟ್ಟಿಗೆ ಹೇಳುವುದಾದರೆ 24ರಿಂದ 36ರ ನಡುವೆ ನಿಲ್ಲುವುದು ವಿವೇಕ. ಅಲ್ಲಿಂದಾಚೆಗೆ ಬೆನ್ನುನೋವು ಹೆಚ್ಚುವ ವೇಗದಲ್ಲಿ ಸಂಕೇತ ಹೆಚ್ಚುವುದಿಲ್ಲ.

ಎಲ್ಲವೂ ಒಂದೇ ಉದ್ದ ಇರಬೇಕೆಂದೂ ಇಲ್ಲ. ಗೋಡೆ ಅಡ್ಡ ಬಂದರೆ ತಂತಿಯನ್ನು ಅದರ ಪಕ್ಕದಲ್ಲಿ ತಿರುಗಿಸಿ ಮುಂದುವರಿಸಬಹುದು. ಒಂದು ದಿಕ್ಕಿನಲ್ಲಿ ಮೂರೇ ಮೀಟರ್ ಜಾಗವಿದ್ದರೆ ಅಲ್ಲಿ ಮೂರು ಮೀಟರಿನದನ್ನೇ ಹಾಕಿ, ಮತ್ತೊಂದು ದಿಕ್ಕಿನಲ್ಲಿ ಎಂಟು ಮೀಟರಿನದನ್ನು ಹಾಸಬಹುದು.

ಮೊದಲ ಹಂತ: ಜಾಗದ ಆಯ್ಕೆ

ವಿದ್ಯುತ್ ತಂತಿಗಳ ವಿಷಯವನ್ನು ಎಲ್ಲಕ್ಕಿಂತ ಮೊದಲು ನೋಡಬೇಕು. ಕಂಬ ಯಾವ ದಿಕ್ಕಿಗೆ ಉರುಳಿದರೂ, ಎತ್ತುವಾಗ ಕೈತಪ್ಪಿ ವಾಲಿದರೂ ಯಾವುದೇ ವಿದ್ಯುತ್ ತಂತಿಗೆ ತಾಗದಷ್ಟು ದೂರ ಇರಬೇಕು. ಕಂಬದ ಎತ್ತರದ ಒಂದೂವರೆ ಪಟ್ಟು ದೂರವನ್ನು ನಾನು ಕನಿಷ್ಠವೆಂದು ಇಟ್ಟುಕೊಂಡಿದ್ದೇನೆ. ಇದರಲ್ಲಿ ರಾಜಿಗೆ ಅವಕಾಶವಿಲ್ಲ. ಅಷ್ಟು ಜಾಗ ಇಲ್ಲದಿದ್ದರೆ ಬೇರೆ ಬಗೆಯ ಆಂಟೆನಾ ಆರಿಸಿಕೊಳ್ಳಬೇಕು.

ಉಳಿದಂತೆ, ಕಬ್ಬಿಣದ ಬೇಲಿ, ತಗಡಿನ ಚಾವಣಿ, ಇನ್ನೊಂದು ಲೋಹದ ಕಂಬ ಇವುಗಳಿಂದ ಸಾಧ್ಯವಾದಷ್ಟು ಆಚೆ ಇರುವುದು ಒಳ್ಳೆಯದು. ಮರಗಳು ಎಚ್‌ಎಫ್ (3ರಿಂದ 30 ಮೆಗಾಹರ್ಟ್ಸ್) ಬ್ಯಾಂಡುಗಳಲ್ಲಿ ಅಷ್ಟಾಗಿ ತೊಂದರೆ ಕೊಡುವುದಿಲ್ಲ. ಮನೆಯಿಂದ ದೂರ ಇಟ್ಟರೆ ಇನ್ನೊಂದು ಲಾಭವಿದೆ: ಲಂಬ ಆಂಟೆನಾ ಸುತ್ತಲಿನ ವಿದ್ಯುತ್ ಉಪಕರಣಗಳ ಗದ್ದಲವನ್ನು ಬೇಗ ಹಿಡಿಯುತ್ತದೆ, ದೂರವಾದಷ್ಟೂ ಗ್ರಾಹಕದಲ್ಲಿ ಮೌನ ಹೆಚ್ಚು.

ಎರಡನೆಯ ಹಂತ: ಕಂಬ

ಉದ್ದದ ಲೆಕ್ಕ ಸುಲಭ: 71.3ನ್ನು ಮೆಗಾಹರ್ಟ್ಸ್‌ನಲ್ಲಿರುವ ಆವರ್ತನದಿಂದ ಭಾಗಿಸಿದರೆ ಮೀಟರಿನಲ್ಲಿ ಉದ್ದ ಸಿಗುತ್ತದೆ. 7.1 ಮೆಗಾಹರ್ಟ್ಸ್‌ಗೆ 10.04 ಮೀಟರ್, 14.2ಕ್ಕೆ 5.02, 21.2ಕ್ಕೆ 3.36, 28.5ಕ್ಕೆ 2.50. ಇನ್ಸುಲೇಷನ್ ಇರುವ ತಂತಿಯಾದರೆ ಕೊನೆಗೆ ಶೇ. 2ರಿಂದ 3ರಷ್ಟು ಮೊಟಕಾಗಬೇಕಾಗುತ್ತದೆ. ಆದರೆ ಮೊದಲೇ ಮೊಟಕು ಮಾಡಬಾರದು. ಲೆಕ್ಕಕ್ಕಿಂತ ಮೂವತ್ತು ಸೆಂಟಿಮೀಟರ್ ಉದ್ದವಾಗಿಯೇ ಕತ್ತರಿಸಿ, ಆಮೇಲೆ ಇಳಿಸುತ್ತ ಬರಬೇಕು.

ಮೊದಲ ಸಲ ಕಟ್ಟುವವರಿಗೆ ನಾನು ಸೂಚಿಸುವುದು ಒಂದರೊಳಗೊಂದು ಸೇರುವ ಫೈಬರ್‌ಗ್ಲಾಸ್ ಕೋಲು ಮತ್ತು ಅದರ ಗುಂಟ ಏರಿಸಿದ ತಾಮ್ರದ ತಂತಿ. ಕೋಲು ಹಗುರ, ಒಬ್ಬರೇ ಎತ್ತಬಹುದು, ತಂತಿಯ ಉದ್ದವನ್ನು ಬುಡದಲ್ಲೇ ನಿಂತು ಬದಲಿಸಬಹುದು. ಕೊಳ್ಳುವಾಗ ಅದು ಕಾರ್ಬನ್ ಫೈಬರ್ ಅಲ್ಲವೆಂದು ಖಚಿತಪಡಿಸಿಕೊಳ್ಳಬೇಕು. ಕಾರ್ಬನ್ ವಿದ್ಯುತ್ ವಾಹಕವಾದ್ದರಿಂದ ಪಕ್ಕದ ತಂತಿಯ ಕೆಲಸವನ್ನು ಕೆಡಿಸುತ್ತದೆ. ಕೋಲಿನ ಗೆಣ್ಣುಗಳು ಕಂಪನಕ್ಕೆ ಜಾರಿ ಒಳಗೆ ಕುಸಿಯುವುದು ಸಾಮಾನ್ಯ ಕಿರಿಕಿರಿ, ಪ್ರತಿ ಗೆಣ್ಣಿಗೂ ಟೇಪು ಸುತ್ತಿದರೆ ನಿಲ್ಲುತ್ತದೆ.

ಶಾಶ್ವತವಾಗಿ ನಿಲ್ಲಿಸುವುದಾದರೆ ಅಲ್ಯುಮಿನಿಯಂ ಕೊಳವೆಗಳೇ ಸರಿ. ಒಂದರೊಳಗೆ ಇನ್ನೊಂದು ಸಡಿಲವಿಲ್ಲದೆ ಜಾರುವ ಅಳತೆಗಳನ್ನು ಆರಿಸಿ, ಪ್ರತಿ ಜೋಡಣೆಯಲ್ಲೂ ಕನಿಷ್ಠ 15 ಸೆಂಟಿಮೀಟರ್ ಒಳಸೇರಿಸಬೇಕು. ಹೊರಕೊಳವೆಯ ತುದಿಯನ್ನು ಉದ್ದಕ್ಕೆ ಸೀಳಿ ಸ್ಟೇನ್‌ಲೆಸ್ ಸ್ಟೀಲಿನ ಹೋಸ್ ಕ್ಲಾಂಪಿನಿಂದ ಬಿಗಿಯಬೇಕು. ಸೇರಿಸುವ ಮುನ್ನ ಎರಡೂ ಮೇಲ್ಮೈಯನ್ನು ಉಜ್ಜುಕಾಗದದಿಂದ ತಿಕ್ಕಿ, ಆಕ್ಸೈಡ್ ತಡೆಯುವ ಪೇಸ್ಟ್ ಸವರಬೇಕು. ಇದನ್ನು ಬಿಟ್ಟರೆ ಕೆಲವು ಮಳೆಗಾಲಗಳ ನಂತರ ಜೋಡಣೆಗಳೇ ರೋಧವಾಗುತ್ತವೆ.

ಬುಡದಲ್ಲಿ ಕಂಬ ನೆಲದಿಂದ ಬೇರ್ಪಟ್ಟಿರಬೇಕು. ದಪ್ಪ ಪಿವಿಸಿ ಕೊಳವೆ ಅಥವಾ ಫೈಬರ್‌ಗ್ಲಾಸ್ ದಂಡ ಇದಕ್ಕೆ ಸಾಕು, ಏಕೆಂದರೆ ಕಾಲು ತರಂಗಾಂತರದ ಬುಡದಲ್ಲಿ ವೋಲ್ಟೇಜ್ ಕಡಿಮೆ. 100 ವ್ಯಾಟ್ ಶಕ್ತಿಯಲ್ಲಿ 36 ಓಮ್‌ಗೆ ಲೆಕ್ಕ ಹಾಕಿದರೆ ಪ್ರವಾಹ ಸುಮಾರು 1.7 ಆಂಪಿಯರ್, ವೋಲ್ಟೇಜ್ 60. ಹಾಗೆಂದು ಮುಟ್ಟಬಾರದು, ರೇಡಿಯೋ ಆವರ್ತನದ ಸುಟ್ಟಗಾಯ ಚರ್ಮದ ಒಳಗೆ ಆಳವಾಗಿ ಆಗುತ್ತದೆ. ಮಕ್ಕಳು, ಸಾಕುಪ್ರಾಣಿಗಳು ಓಡಾಡುವ ಕಡೆ ಬುಡದ ಸುತ್ತ ಮರದ ಅಥವಾ ಪ್ಲಾಸ್ಟಿಕ್ಕಿನ ಬೇಲಿ ಇರಲೇಬೇಕು.

ಹತ್ತು ಮೀಟರಿನ ಕಂಬಕ್ಕೆ ಎರಡು ಎತ್ತರಗಳಲ್ಲಿ, ಸುಮಾರು ನಾಲ್ಕು ಮತ್ತು ಏಳು ಮೀಟರಿನಲ್ಲಿ, ಮೂರು ದಿಕ್ಕಿಗೆ ಹಗ್ಗ ಬಿಗಿಯಬೇಕು. ಬಿಸಿಲು ತಾಳುವ ಪಾಲಿಯೆಸ್ಟರ್ ಹಗ್ಗ ಉತ್ತಮ. ನೈಲಾನ್ ಹಗ್ಗ ನೆನೆದಾಗ ಹಿಗ್ಗುತ್ತದೆ, ಗಾಳಿಯ ರಾತ್ರಿಯಲ್ಲೇ ಅದು ಸಡಿಲಾಗುವುದು.

ಮೂರನೆಯ ಹಂತ: ಬುಡದ ತಟ್ಟೆ ಮತ್ತು ತಂತಿ ಹಾಸುವುದು

ಮೂವತ್ತು ತಂತಿಗಳನ್ನು ಒಂದೇ ಬೋಲ್ಟಿಗೆ ಸುತ್ತಿ ಬಿಗಿಯುವುದು ಮೊದಲ ದಿನ ಕೆಲಸ ಮಾಡುತ್ತದೆ, ಒಂದು ಮಳೆಗಾಲ ಕಳೆಯುವಷ್ಟರಲ್ಲಿ ಒಳಗಿನ ತಂತಿಗಳು ಕಪ್ಪಾಗಿ ಸಂಪರ್ಕ ಕಳೆದುಕೊಳ್ಳುತ್ತವೆ. ಅದರ ಬದಲು ಒಂದು ಸ್ಟೇನ್‌ಲೆಸ್ ಸ್ಟೀಲ್ ತಟ್ಟೆ ತೆಗೆದುಕೊಂಡು, ಅಂಚಿನ ಗುಂಟ ರಂಧ್ರ ಕೊರೆದು, ಪ್ರತಿ ರಂಧ್ರಕ್ಕೂ ಸ್ಟೇನ್‌ಲೆಸ್ ಬೋಲ್ಟು, ವಾಷರ್, ನಟ್ಟು ಹಾಕಬೇಕು. ಒಂದೊಂದು ಬೋಲ್ಟಿಗೆ ಎರಡು ತಂತಿ ಮಾತ್ರ. ನಡುವೆ ಕೇಬಲ್ಲಿನ ಕನೆಕ್ಟರ್‌ಗೆ ಒಂದು ರಂಧ್ರ. ಅದರ ಹೊರಭಾಗ ತಟ್ಟೆಗೆ ತಾಗಿರಬೇಕು, ನಡುಕಡ್ಡಿಯಿಂದ ಗಿಡ್ಡ, ಅಗಲವಾದ ಪಟ್ಟಿಯೊಂದು ಕಂಬಕ್ಕೆ ಹೋಗಬೇಕು. ತಾಮ್ರ ಮತ್ತು ಅಲ್ಯುಮಿನಿಯಂ ನೇರವಾಗಿ ತಾಗಿದರೆ ತೇವದಲ್ಲಿ ಅಲ್ಯುಮಿನಿಯಂ ಸವೆಯುತ್ತದೆ, ಆದ್ದರಿಂದ ನಡುವೆ ಸ್ಟೇನ್‌ಲೆಸ್ ವಾಷರ್ ಇರಿಸಬೇಕು.

ತಂತಿಯ ಆಯ್ಕೆಯಲ್ಲಿ ಹೆಚ್ಚು ತಲೆಕೆಡಿಸಿಕೊಳ್ಳಬೇಕಿಲ್ಲ. 1ರಿಂದ 1.5 ಚದರ ಮಿಲಿಮೀಟರಿನ, ಮನೆಯ ವೈರಿಂಗಿಗೆ ಬಳಸುವ ಇನ್ಸುಲೇಷನ್ ಸಹಿತ ತಾಮ್ರದ ತಂತಿ ಸಾಕು. ಪ್ರವಾಹ ಅನೇಕ ತಂತಿಗಳಲ್ಲಿ ಹಂಚಿಹೋಗುವುದರಿಂದ ದಪ್ಪ ಮುಖ್ಯವಲ್ಲ. ಇನ್ಸುಲೇಷನ್ ಇದ್ದರೆ ಮಣ್ಣಿಗೆ ತಾಗುವುದಿಲ್ಲವಲ್ಲ ಎಂಬ ಸಂದೇಹ ಅನೇಕರಿಗೆ ಬರುತ್ತದೆ. ಈ ಆವರ್ತನದಲ್ಲಿ ಪ್ರವಾಹ ತಂತಿ ಮತ್ತು ಮಣ್ಣಿನ ನಡುವಿನ ಧಾರಕತೆಯ (ಕೆಪಾಸಿಟೆನ್ಸ್) ಮೂಲಕವೇ ದಾಟುತ್ತದೆ, ಬರಿಯ ತಂತಿಗೂ ಹೊದಿಕೆಯ ತಂತಿಗೂ ಕೆಲಸದಲ್ಲಿ ಹೇಳಿಕೊಳ್ಳುವ ವ್ಯತ್ಯಾಸವಿಲ್ಲ. ಬಾಳಿಕೆಯಲ್ಲಿ ಮಾತ್ರ ಹೊದಿಕೆಯದು ಮುಂದು. ಅಲ್ಯುಮಿನಿಯಂ ತಂತಿಯನ್ನು ಮಣ್ಣಿಗೆ ಹಾಕಬಾರದು, ಅದು ಕೊರೆದುಹೋಗುತ್ತದೆ.

ಹಾಸುವ ಕ್ರಮ ಹೀಗಿರಲಿ. ಮೊದಲು ನಾಲ್ಕು ತಂತಿಗಳನ್ನು ನಾಲ್ಕು ದಿಕ್ಕಿಗೆ ಎಳೆಯಿರಿ, ಅವುಗಳ ನಡುವೆ ಇನ್ನು ನಾಲ್ಕು, ಮತ್ತೆ ನಡುವೆ ಎಂಟು. ಹೀಗೆ ಮಾಡಿದರೆ ಎಲ್ಲಿ ನಿಲ್ಲಿಸಿದರೂ ವೃತ್ತ ಸಮವಾಗಿಯೇ ಇರುತ್ತದೆ, ಪ್ರತಿ ಘಟ್ಟದಲ್ಲೂ ಅಳತೆ ತೆಗೆಯಲು ಅನುಕೂಲವಾಗುತ್ತದೆ. ಪ್ರತಿ ತಂತಿಯ ತುದಿಗೆ ಲಗ್ ಎಂಬ ಲೋಹದ ಉಂಗುರ ಹಾಕಿ, ಒತ್ತಿ ಕ್ರಿಂಪ್ ಮಾಡಿ ಬೋಲ್ಟಿಗೆ ಬಿಗಿಯಿರಿ. ಬರೀ ಬೆಸುಗೆಯನ್ನು ನೆಲಮಟ್ಟದಲ್ಲಿ ನಾನು ನಂಬುವುದಿಲ್ಲ, ಮಣ್ಣಿನ ತೇವಕ್ಕೆ ಅದು ಪುಡಿಯಾದದ್ದನ್ನು ಕಂಡಿದ್ದೇನೆ.

ಹುಲ್ಲಿರುವ ಜಾಗವಾದರೆ ಅಗೆಯುವ ಅಗತ್ಯವೇ ಇಲ್ಲ. ಹುಲ್ಲನ್ನು ಬಹಳ ಗಿಡ್ಡವಾಗಿ ಕತ್ತರಿಸಿ, ತಂತಿಯನ್ನು ಬಿಗಿಯಾಗಿ ಎಳೆದು, ಯು ಆಕಾರಕ್ಕೆ ಬಗ್ಗಿಸಿದ ಕಂಬಿಯ ಪಿನ್ನುಗಳನ್ನು ಅರ್ಧ ಮೀಟರಿಗೊಂದರಂತೆ ನೆಲಕ್ಕೆ ಒತ್ತಬೇಕು. ಒಂದೆರಡು ತಿಂಗಳಲ್ಲಿ ಹುಲ್ಲು ಅದರ ಮೇಲೆ ಬೆಳೆದು ತಂತಿ ಕಣ್ಣಿಗೇ ಬೀಳದಂತಾಗುತ್ತದೆ. ಪಿನ್ನುಗಳಲ್ಲಿ ಜಿಪುಣತನ ಮಾಡಿ ನಾನೊಮ್ಮೆ ಮೀಟರಿಗೊಂದರಂತೆ ಹಾಕಿದ್ದೆ. ಹುಲ್ಲು ಕತ್ತರಿಸುವ ಯಂತ್ರ ಒಂದೇ ಸುತ್ತಿನಲ್ಲಿ ಮೂರು ರೇಡಿಯಲ್‌ಗಳನ್ನು ತನ್ನ ಅಲಗಿಗೆ ನೂಲಿನಂತೆ ಸುತ್ತಿಕೊಂಡಿತು. ಹೂಳುವುದೇ ಆದರೆ ಎರಡರಿಂದ ಐದು ಸೆಂಟಿಮೀಟರ್ ಆಳ ಸಾಕು, ಆಳ ಹೆಚ್ಚಿದರೆ ಲಾಭವೇನೂ ಇಲ್ಲ.

ನಾಲ್ಕನೆಯ ಹಂತ: ಅರ್ಥ್ ರಾಡ್, ಕೇಬಲ್ ಮತ್ತು ಚೋಕ್

ಎರಡು ಮೀಟರಿನ ಅರ್ಥ್ ರಾಡ್ ಹೊಡೆದು ಅದನ್ನೇ ಆಂಟೆನಾದ ನೆಲವೆಂದು ಭಾವಿಸುವುದು ಬಹಳ ಹಳೆಯ ಮತ್ತು ಬಹಳ ಗಟ್ಟಿಯಾದ ತಪ್ಪು ನಂಬಿಕೆ. ರೇಡಿಯೋ ಆವರ್ತನದ ಪ್ರವಾಹ ಕಂಬದ ಸುತ್ತ ಹತ್ತಾರು ಮೀಟರ್ ಅಗಲದಲ್ಲಿ ಹರಡಿರುವಾಗ ಒಂದು ಬಿಂದುವಿನಲ್ಲಿ ನೆಟ್ಟ ಕಬ್ಬಿಣ ಅದನ್ನು ಒಟ್ಟುಗೂಡಿಸಲಾರದು. ಆದರೂ ರಾಡ್ ಬೇಕು, ಮಿಂಚು ಮತ್ತು ಸ್ಥಾಯೀ ವಿದ್ಯುತ್ತಿನ ಸಲುವಾಗಿ. ತಟ್ಟೆಯನ್ನು ದಪ್ಪ ತಂತಿಯಿಂದ ರಾಡಿಗೆ ಜೋಡಿಸಿ, ಕೇಬಲ್ ಮನೆಯನ್ನು ಪ್ರವೇಶಿಸುವಲ್ಲಿ ಮಿಂಚು ತಡೆಯುವ ಅರೆಸ್ಟರ್ ಹಾಕಿ, ಅದರ ಅರ್ಥ್ ಅನ್ನು ಮನೆಯ ವಿದ್ಯುತ್ ಅರ್ಥಿಂಗ್‌ಗೆ ಜೋಡಿಸಬೇಕು. ಈ ಕಡೆಯ ಜೋಡಣೆಯನ್ನು ನಿಮ್ಮ ಪ್ರದೇಶದ ವಿದ್ಯುತ್ ನಿಯಮ ತಿಳಿದವರಿಂದ ಮಾಡಿಸುವುದು ಒಳ್ಳೆಯದು. ಗುಡುಗು ಕೇಳಿಸುವ ಮೊದಲೇ ಕೇಬಲನ್ನು ರೇಡಿಯೋದಿಂದ ಕಳಚಿಡುವ ಅಭ್ಯಾಸವನ್ನು ಯಾವ ಸಾಧನವೂ ತಪ್ಪಿಸಲಾರದು.

ಕೇಬಲ್ ವಿಷಯದಲ್ಲಿ ದೂರ ನೋಡಿ ನಿರ್ಧರಿಸಬೇಕು. ತೆಳುವಾದ ಆರ್‌ಜಿ-58 ಕೇಬಲ್ 30 ಮೀಟರ್ ಇದ್ದರೆ 7 ಮೆಗಾಹರ್ಟ್ಸ್‌ನಲ್ಲಿ ಒಂದು ಡೆಸಿಬೆಲ್‌ಗಿಂತ ತುಸು ಹೆಚ್ಚು ನಷ್ಟ, ದಪ್ಪನೆಯ ಆರ್‌ಜಿ-213 ಆದರೆ ಅದರ ಸುಮಾರು ಅರ್ಧ. ಇಪ್ಪತ್ತು ರೇಡಿಯಲ್ ಹಾಸಿ ಉಳಿಸಿದ್ದನ್ನು ತೆಳು ಕೇಬಲ್ಲಿನಲ್ಲಿ ಕಳೆಯಬಾರದು.

ಕೇಬಲ್ಲಿನ ಹೊರಮೈಯೂ ಒಂದು ರೇಡಿಯಲ್‌ನಂತೆ ವರ್ತಿಸಿ ಪ್ರವಾಹವನ್ನು ಮನೆಯೊಳಕ್ಕೆ ತರುತ್ತದೆ. ಅದನ್ನು ತಡೆಯಲು ಬುಡದ ಹತ್ತಿರ ಚೋಕ್ ಹಾಕಬೇಕು: ಎಫ್‌ಟಿ240-31 ಎಂಬ ಫೆರೈಟ್ ಉಂಗುರಕ್ಕೆ ಆರ್‌ಜಿ-58 ಕೇಬಲ್ಲಿನ 12 ಸುತ್ತು. ನೆಲದಲ್ಲಿ ಮೂವತ್ತು ರೇಡಿಯಲ್ ಇದ್ದರೆ ಚೋಕ್ ಇಲ್ಲದೆಯೂ ನಡೆಯುತ್ತದೆ. ತಂತಿ ಕಡಿಮೆಯಿದ್ದಷ್ಟೂ ಅದು ಅನಿವಾರ್ಯ.

ಐದನೆಯ ಹಂತ: ಅಳತೆ

ಇಲ್ಲಿ ತಾಳ್ಮೆ ಬೇಕು. ನ್ಯಾನೋ ವಿಎನ್‌ಎ ಅಥವಾ ಬೇರಾವುದೇ ಆಂಟೆನಾ ಅನಲೈಸರ್ ಸಾಕು, ಆದರೆ ಅದು ಎಸ್‌ಡಬ್ಲ್ಯೂಆರ್ ಮಾತ್ರವಲ್ಲದೆ ರೋಧ ಮತ್ತು ರಿಯಾಕ್ಟೆನ್ಸ್ (ಶಕ್ತಿಯನ್ನು ಸುಡದೆ ಹಿಡಿದು ಹಿಂತಿರುಗಿಸುವ ತಡೆ) ಇವೆರಡನ್ನು ಬೇರೆಬೇರೆಯಾಗಿ ತೋರಿಸಬೇಕು. ಅಳತೆಯನ್ನು ಬುಡದಲ್ಲೇ ತೆಗೆಯಬೇಕು. ಮನೆಯೊಳಗೆ ಕುಳಿತು ಕೇಬಲ್ಲಿನ ಈ ತುದಿಯಲ್ಲಿ ನೋಡಿದರೆ ಕೇಬಲ್ ರೋಧದ ಅಂಕಿಯನ್ನೇ ಬದಲಿಸಿಬಿಡುತ್ತದೆ, ಕೇಬಲ್ಲಿನ ನಷ್ಟ ಎಸ್‌ಡಬ್ಲ್ಯೂಆರ್ ಅನ್ನು ಇರುವುದಕ್ಕಿಂತ ಚೆನ್ನಾಗಿ ತೋರಿಸುತ್ತದೆ. ಬುಡಕ್ಕೆ ಗಿಡ್ಡ ಕೇಬಲ್ ಜೋಡಿಸುವುದು ಅನಿವಾರ್ಯವಾದರೆ ಅದರ ತುದಿಯಲ್ಲಿ ಓಪನ್, ಶಾರ್ಟ್, ಲೋಡ್ ಎಂಬ ಪರೀಕ್ಷಾ ತುದಿಗಳನ್ನು ಹಾಕಿ ಕ್ಯಾಲಿಬ್ರೇಟ್ ಮಾಡಿಕೊಳ್ಳಬೇಕು.

ರಿಯಾಕ್ಟೆನ್ಸ್ ಸೊನ್ನೆಯಾಗುವ ಆವರ್ತನವೇ ಅನುರಣನ. ಅದು ಬೇಕಾದುದಕ್ಕಿಂತ ಕೆಳಗಿದ್ದರೆ ಕಂಬ ಉದ್ದವಾಗಿದೆ, ಮೇಲಿದ್ದರೆ ಗಿಡ್ಡವಾಗಿದೆ. 7 ಮೆಗಾಹರ್ಟ್ಸ್‌ನಲ್ಲಿ ಹತ್ತು ಸೆಂಟಿಮೀಟರ್ ಬದಲಿಸಿದರೆ ಸುಮಾರು 70 ಕಿಲೋಹರ್ಟ್ಸ್ ಸರಿಯುತ್ತದೆ, 14ರಲ್ಲಿ ಒಂದೇ ಸೆಂಟಿಮೀಟರಿಗೆ ಸುಮಾರು 28 ಕಿಲೋಹರ್ಟ್ಸ್. ಅನುರಣನಕ್ಕೆ ತಂದ ನಂತರ ಅಲ್ಲಿನ ರೋಧವನ್ನು ಬರೆದಿಟ್ಟುಕೊಳ್ಳಿ, ನಾಲ್ಕು ರೇಡಿಯಲ್ ಸೇರಿಸಿ, ಮತ್ತೆ ಅಳೆಯಿರಿ. ರೇಡಿಯಲ್ ಸೇರಿಸಿದಂತೆ ಅನುರಣನವೂ ತುಸು ಸರಿಯಬಹುದು, ಹಾಗಾಗಿ ಹಳೆಯ ಆವರ್ತನದಲ್ಲೇ ರೋಧ ನೋಡುವುದು ತಪ್ಪು. ಪ್ರತಿ ಸಲವೂ ರಿಯಾಕ್ಟೆನ್ಸ್ ಸೊನ್ನೆಯಾಗುವ ಜಾಗ ಹುಡುಕಿ ಅಲ್ಲಿನ ಅಂಕಿಯನ್ನು ತೆಗೆದುಕೊಳ್ಳಬೇಕು. ನಾಲ್ಕು ತಂತಿ ಸೇರಿಸಿದಾಗ ರೋಧ ಒಂದು ಓಮ್ ಕೂಡ ಇಳಿಯದಿದ್ದರೆ ನಿಮ್ಮ ಮಣ್ಣಿಗೆ ಅಷ್ಟು ಸಾಕು. ಹೋಲಿಕೆಯ ಅಳತೆಗಳನ್ನು ಒಂದೇ ದಿನ ಮುಗಿಸಬೇಕು, ಏಕೆಂದರೆ ಒಂದು ಮಳೆ ಬಿದ್ದರೂ ಮಣ್ಣಿನ ಗುಣ ಬದಲಾಗಿ ಅಂಕಿಗಳು ಓಡಾಡುತ್ತವೆ.

36 ಓಮ್ ಅನ್ನು 50ಕ್ಕೆ ಹೊಂದಿಸುವುದು

ಕೊನೆಗೆ 38 ಓಮ್ ಬಂದು ಎಸ್‌ಡಬ್ಲ್ಯೂಆರ್ 1.3 ಇದ್ದರೆ ಅದನ್ನು ಹಾಗೆಯೇ ಬಿಡಬಹುದು, ಯಾವ ರೇಡಿಯೋವೂ ಇದಕ್ಕೆ ತಕರಾರು ಮಾಡುವುದಿಲ್ಲ. ಅಂಕಿ 1 ಆಗಲೇಬೇಕು ಎನ್ನುವವರು ತಂತಿ ಕೀಳುವ ಬದಲು ಒಂದು ಸುರುಳಿ ಹಾಕಬೇಕು. ಕಂಬವನ್ನು ಅನುರಣನಕ್ಕಿಂತ ಸುಮಾರು 30 ಸೆಂಟಿಮೀಟರ್ ಮೊಟಕು ಮಾಡಿದರೆ 36 ಓಮ್ ಜೊತೆಗೆ ಸುಮಾರು 22 ಓಮ್ ಧಾರಕ ರಿಯಾಕ್ಟೆನ್ಸ್ ಸೇರುತ್ತದೆ. ಆಗ ಕಂಬದ ಬುಡದಿಂದ ತಟ್ಟೆಗೆ ಸುಮಾರು 80 ಓಮ್ ರಿಯಾಕ್ಟೆನ್ಸ್ ಇರುವ ಸುರುಳಿಯನ್ನು ಅಡ್ಡಲಾಗಿ ಜೋಡಿಸಿದರೆ ಒಟ್ಟು 50 ಓಮ್ ಆಗುತ್ತದೆ. 7.1 ಮೆಗಾಹರ್ಟ್ಸ್‌ಗೆ ಇದು 1.8 ಮೈಕ್ರೋಹೆನ್ರಿ, ಅಂದರೆ 50 ಮಿಲಿಮೀಟರ್ ವ್ಯಾಸದ ಮೇಲೆ 50 ಮಿಲಿಮೀಟರ್ ಉದ್ದಕ್ಕೆ ಹರಡಿದ ಏಳು ಸುತ್ತು ದಪ್ಪ ತಾಮ್ರದ ತಂತಿ. ಸುತ್ತುಗಳನ್ನು ಹಿಗ್ಗಿಸಿ ಕುಗ್ಗಿಸಿ ಸರಿಹೊಂದಿಸಬಹುದು. ಈ ಸುರುಳಿ ಕಂಬವನ್ನು ನೇರವಾಗಿ ನೆಲಕ್ಕೆ ಜೋಡಿಸುವುದರಿಂದ ಗಾಳಿ, ಧೂಳಿನಿಂದ ಸೇರುವ ಸ್ಥಾಯೀ ವಿದ್ಯುತ್ತೂ ಇಳಿದುಹೋಗುತ್ತದೆ. ನಾನು ಇದನ್ನು ಹಾಕಿಕೊಂಡದ್ದು ಆ ಕಾರಣಕ್ಕೇ.

ನೆಲ ಬಿಟ್ಟು ಎತ್ತರಿಸುವುದಾದರೆ

ಬಂಡೆಯ ಮೇಲೆ, ಚಾವಣಿಯ ಮೇಲೆ ಅಥವಾ ಮೂವತ್ತು ತಂತಿ ಹಾಸಲಾಗದ ಕಡೆ ಎತ್ತರಿಸಿದ ರೇಡಿಯಲ್‌ಗಳು ದಾರಿ ತೋರಿಸುತ್ತವೆ. ಸೆವರ್ನ್ಸ್ ಅವರ ಅದೇ ಸರಣಿಯ ಅಳತೆಗಳಲ್ಲಿ ಸುಮಾರು 1.2 ಮೀಟರ್ ಎತ್ತರದಲ್ಲಿದ್ದ ನಾಲ್ಕು ರೇಡಿಯಲ್‌ಗಳು ನೆಲದ ಮೇಲಿನ 64ಕ್ಕೆ ಬಹುತೇಕ ಸಮನಾದವು. ಆದರೆ ಇಲ್ಲಿ ನೆಲದ ಮೇಲಿನ ಸಡಿಲ ನಿಯಮಗಳು ನಡೆಯುವುದಿಲ್ಲ. ಪ್ರತಿ ರೇಡಿಯಲ್ ಕಾಲು ತರಂಗಾಂತರಕ್ಕೆ ಸರಿಯಾಗಿರಬೇಕು, ಎಲ್ಲವೂ ಒಂದೇ ಉದ್ದ, ಒಂದೇ ಎತ್ತರದಲ್ಲಿ, ಎದುರುಬದುರಾಗಿ ಇರಬೇಕು. ಒಂದು ತುಸು ಬೇರೆಯಾದರೂ ಪ್ರವಾಹ ಅಸಮವಾಗಿ ಹಂಚಿಹೋಗುತ್ತದೆ. ಉದ್ದ ಸರಿಪಡಿಸುವ ಒಳ್ಳೆಯ ಉಪಾಯವೆಂದರೆ ಕಂಬವನ್ನು ಕಳಚಿ, ಎದುರುಬದುರಿನ ಎರಡು ರೇಡಿಯಲ್‌ಗಳನ್ನೇ ಡೈಪೋಲ್‌ನಂತೆ ಅನಲೈಸರ್‌ಗೆ ಜೋಡಿಸಿ, ಬೇಕಾದ ಆವರ್ತನಕ್ಕೆ ಎರಡನ್ನೂ ಸಮವಾಗಿ ಕತ್ತರಿಸುವುದು. ಆಮೇಲೆ ಉಳಿದ ಜೋಡಿಗೂ ಅದೇ ರೀತಿ.

ಇಲ್ಲಿ ಚೋಕ್ ಕಡ್ಡಾಯ, ತಟ್ಟೆಯನ್ನು ಅರ್ಥ್ ರಾಡಿಗೆ ನೇರವಾಗಿ ಜೋಡಿಸಲೂಬಾರದು. ಜೋಡಿಸಿದರೆ ಪ್ರವಾಹ ಮತ್ತೆ ಮಣ್ಣಿಗಿಳಿದು ಎತ್ತರಿಸಿದ ಉದ್ದೇಶವೇ ಕೆಡುತ್ತದೆ. ಅರ್ಥ್ ಜೋಡಣೆ ಚೋಕ್ ದಾಟಿದ ನಂತರ, ಕೇಬಲ್ಲಿನ ಹೊರಜಾಲರಿಗೆ ಇರಲಿ. ರೇಡಿಯಲ್‌ಗಳ ಹೊರತುದಿಯಲ್ಲಿ ವೋಲ್ಟೇಜ್ ಬಹಳ ಹೆಚ್ಚಿರುವುದರಿಂದ ಜನ ಓಡಾಡುವ ಕಡೆ ಎರಡೂವರೆ ಮೀಟರಿಗಿಂತ ಕೆಳಗೆ ಕಟ್ಟಬಾರದು. ಬುಡವೇ ಸಾಕಷ್ಟು ಎತ್ತರದಲ್ಲಿದ್ದರೆ ರೇಡಿಯಲ್‌ಗಳನ್ನು ಸುಮಾರು 45 ಡಿಗ್ರಿ ಕೆಳಕ್ಕೆ ಇಳಿಬಿಟ್ಟಾಗ ರೋಧ ತಾನಾಗಿ 50 ಓಮ್ ಹತ್ತಿರ ಬರುತ್ತದೆ, ಸುರುಳಿಯ ಗೊಡವೆ ಇರುವುದಿಲ್ಲ.

ರೇಡಿಯಲ್‌ಗಳಿಂದ ಆಗದ ಕೆಲಸ

ರೇಡಿಯಲ್‌ಗಳು ಬುಡದ ಸುತ್ತಲಿನ ನಷ್ಟವನ್ನು ಮಾತ್ರ ತಗ್ಗಿಸುತ್ತವೆ. ದಿಗಂತದ ಕಡೆ ಬಹಳ ಕಡಿಮೆ ಕೋನದಲ್ಲಿ ಹೊರಡುವ ಸಂಕೇತ ಆಂಟೆನಾದಿಂದ ಹಲವು ತರಂಗಾಂತರ ದೂರದ ನೆಲದಲ್ಲಿ ಪ್ರತಿಫಲಿಸುತ್ತದೆ, ಅಲ್ಲಿನ ಮಣ್ಣಿನ ಗುಣವನ್ನು ನಾವು ಬದಲಿಸಲಾರೆವು. ಸಾಧಾರಣ ಮಣ್ಣಿನ ವಾಹಕತೆ ಮೀಟರಿಗೆ ಸುಮಾರು 0.005 ಸೀಮೆನ್ಸ್ ಆದರೆ ಸಮುದ್ರದ ನೀರಿನದು ಸುಮಾರು 5, ಅಂದರೆ ಸಾವಿರ ಪಟ್ಟು. ಸಮುದ್ರದ ಅಂಚಿನಲ್ಲಿ ನಿಲ್ಲಿಸಿದ ಸಾಧಾರಣ ಕಂಬ ಒಳನಾಡಿನ ದೊಡ್ಡ ಆಂಟೆನಾಗಳನ್ನು ನಾಚಿಸುವುದು ಇದೇ ಕಾರಣಕ್ಕೆ. ಹಾಗೆಯೇ, ಕೆಲವು ನೂರು ಕಿಲೋಮೀಟರ್ ದೂರದ ಗೆಳೆಯರೊಂದಿಗೆ ಮಾತನಾಡುವುದೇ ಮುಖ್ಯವಾದರೆ ಲಂಬ ಆಂಟೆನಾ ತಪ್ಪು ಆಯ್ಕೆ. ನೇರ ಮೇಲಕ್ಕೆ ಅದು ಏನನ್ನೂ ಕಳುಹಿಸುವುದಿಲ್ಲ, ಕೆಳಮಟ್ಟದಲ್ಲಿ ಕಟ್ಟಿದ ಡೈಪೋಲ್ ಆ ಕೆಲಸವನ್ನು ಸುಲಭವಾಗಿ ಮಾಡುತ್ತದೆ.

ವರ್ಷಕ್ಕೊಮ್ಮೆ, ಸಾಧ್ಯವಾದರೆ ಮಳೆಗಾಲ ಮುಗಿದ ಮೇಲೆ, ಬುಡದ ಬೋಲ್ಟುಗಳನ್ನು ಬಿಗಿದು ಅನಲೈಸರ್ ಜೋಡಿಸಿ ಹಿಂದಿನ ವರ್ಷ ಬರೆದಿಟ್ಟ ಅಂಕಿಯೊಂದಿಗೆ ಹೋಲಿಸಿ ನೋಡಬೇಕು. ಕಳೆದ ಸಲ ನನ್ನ 39 ಓಮ್ 46ಕ್ಕೆ ಏರಿತ್ತು, ಎಸ್‌ಡಬ್ಲ್ಯೂಆರ್ ಮೊದಲಿಗಿಂತ ಚೆನ್ನಾಗಿ ಕಾಣುತ್ತಿತ್ತು. ತಟ್ಟೆಯ ಒಂದು ಬದಿಯ ಹುಲ್ಲು ಸರಿಸಿದಾಗ, ಇಲಿಯೋ ಹೆಗ್ಗಣವೋ, ಹತ್ತು ತಂತಿಗಳನ್ನು ಲಗ್‌ಗಳ ಪಕ್ಕದಲ್ಲೇ ಕಡಿದುಹಾಕಿತ್ತು.